ಪಿಂಕಿಗೆ ಸೀಟು ಸಿಕ್ಕಿತು

ಮಣಿಕೊಂಡ, ಹೈದರಾಬಾದ್
ಗುರುವಾರ, 13 ನವೆಂಬರ್ 2025

ಪ್ರೀತಿಯ ಅತ್ತೆಯವರಿಗೆ,

ಮಾನಸಾಳ ಶರಣಾರ್ಥಿಗಳು. ಮೊದಲು ನಿಮ್ಮ ಬಲಗೈಯ ಸುದ್ದಿ ಹೇಳಿ. ಮಣಿಕಟ್ಟಿನ ಪ್ಲಾಸ್ಟರ್ ತೆಗೆದರು, ಆದರೂ ಹಿಡಿತ ಬಂದಿಲ್ಲ, ರೊಟ್ಟಿ ಬಡಿಯಲು ಹೋದರೆ ಹೆಬ್ಬೆರಳಿನ ಬುಡದಲ್ಲಿ ಚಳಕು ಹೊಡೆಯುತ್ತದೆ ಎಂದು ಶೈಲಶ್ರೀ ಅಕ್ಕ ಹೇಳಿದರು. ಬಿಸಿನೀರಿಗೆ ಉಪ್ಪು ಹಾಕಿ ಕೈ ಇಳಿಬಿಟ್ಟುಕೊಂಡು ಕೂರುತ್ತೀರೋ ಇಲ್ಲವೋ? ಬಿ.ಪಿ. ಗುಳಿಗೆಯನ್ನು ಬೆಳಿಗ್ಗೆ ಎದ್ದ ಕೂಡಲೇ ತೆಗೆದುಕೊಳ್ಳಬೇಕು. ಪೂಜೆ ಮುಗಿಸಿ, ಪಕ್ಕದ ಮನೆಯವರನ್ನೆಲ್ಲ ಮಾತಾಡಿಸಿ, ಆಮೇಲೆ ನೆನಪಾದಾಗ ಅಲ್ಲ. ಇಲ್ಲಿದ್ದಾಗ ನಾನು ನೀರಿನ ಲೋಟ ಹಿಡಿದುಕೊಂಡು ಹಿಂದೆ ಬೀಳುತ್ತಿದ್ದೆ, "ನೀ ಸೊಸಿ ಅಲ್ಲವ್ವಾ, ಕಂಪೌಂಡರ್" ಎಂದು ಬೈಸಿಕೊಳ್ಳುತ್ತಿದ್ದೆ. ಸೇಡಂನಲ್ಲಿ ಯಾರು ಹಿಂದೆ ಬೀಳುತ್ತಾರೋ. ವಾರಕ್ಕೆರಡು ಸಲ ಶೈಲಶ್ರೀ ಅಕ್ಕನ ಫೋನಿಗೆ ಮಾಡುತ್ತೇನೆ. "ಅವ್ವ ಮಲಗ್ಯಾಳ" ಎನ್ನುತ್ತಾರೆ. ಅದಕ್ಕೂ ಮೊದಲು "ಮಲಗೀನಿ ಅಂತ ಹೇಳು" ಎಂಬ ನಿಮ್ಮ ದನಿ ನನಗೆ ಸ್ಪಷ್ಟವಾಗಿ ಕೇಳಿಸಿರುತ್ತದೆ. ಬೇಸರವಿಲ್ಲ. ದನಿಯಾದರೂ ಕೇಳಿತಲ್ಲ ಎಂದುಕೊಂಡು ಫೋನು ಇಡುತ್ತೇನೆ. ಆದರೆ ಕಾಗದಕ್ಕೆ ಹಾಗೆ ಹೇಳಿಸಿ ಕಳಿಸಲು ಬರುವುದಿಲ್ಲ. ಹಾಸ್ಟೆಲಿನಲ್ಲಿದ್ದ ಮಗನಿಗೆ ವಾರಕ್ಕೊಂದು ಕಾರ್ಡು ಬರೆದವರು ನೀವು, ಬಂದ ಕಾಗದವನ್ನು ಓದದೆ ಮಡಚಿಡುವವರಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ದೀಪ್ತಿ ಮೇಡಂ ಅವರ ಥೆರಪಿ ಸೆಂಟರಿನ ವರಾಂಡದ ಬೆಂಚಿನ ಮೇಲೆ ಕೂತಿದ್ದೇನೆ. ನೀವು ಚೀಲದಿಂದ ಶೇಂಗಾ ತೆಗೆದು ಉಳಿದ ಮಕ್ಕಳ ತಾಯಂದಿರಿಗೆಲ್ಲ ಹಂಚುತ್ತಿದ್ದಿರಲ್ಲ, ಅದೇ ಬೆಂಚು. ನಿಮ್ಮ ಮೊಮ್ಮಗಳು ಪಿಂಕಿ ಒಳಗಿದ್ದಾಳೆ. ನಿಮ್ಮ ಮಗ ನಮ್ಮನ್ನು ಇಲ್ಲಿ ಇಳಿಸಿ ಆಫೀಸಿಗೆ ಹೋಗಿದ್ದಾರೆ, ಒಂದೂವರೆ ಗಂಟೆಯಲ್ಲಿ ಮರಳುತ್ತಾರೆ. ಹೌದು ಅತ್ತೆ, ಕಾರಿನಿಂದಲೇ ಇಳಿಸಿ ಹೋದರು. ಉಪ್ಪಲ್‌ನಿಂದ ಮಣಿಕೊಂಡದವರೆಗೆ, ಆ ಟ್ರಾಫಿಕ್ಕಿನಲ್ಲಿ, ಪಿಂಕಿ ತನ್ನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು, ಅಳದೆ ಕೂತು ಬಂದಳು. ಇವತ್ತಿಗೆ ಮೂರನೆಯ ಗುರುವಾರ. ಅವಳಿಗೆ ಒಗ್ಗುವ, ಕಾರಿನಲ್ಲಿ ಮಕ್ಕಳಿಗೆಂದೇ ಬಿಗಿಯುವ ಸೀಟು ಕೊನೆಗೂ ಸಿಕ್ಕಿತು. ಈ ಸುದ್ದಿ ನನ್ನ ತಾಯಿಗಿಂತ ಮೊದಲು ನಿಮಗೆ ತಲುಪಬೇಕಿತ್ತು. ಇದರ ಜೊತೆಗೆ ನಿಮಗೆ ಹೇಳಬೇಕಾದ ಇನ್ನೊಂದು ಮಾತಿದೆ. ನಿಜ ಹೇಳಬೇಕೆಂದರೆ ಕಾಗದ ಹಿಡಿದದ್ದೇ ಅದಕ್ಕಾಗಿ. ಅದನ್ನು ಬರೆಯುವಷ್ಟು ಗಟ್ಟಿ ಆಗುವವರೆಗೆ ಉಳಿದದ್ದನ್ನೆಲ್ಲ ಬರೆಯುತ್ತಾ ಹೋಗುತ್ತೇನೆ. ಪಿಂಕಿ ಈಗಲೂ ರಾತ್ರಿ ಎರಡು ತಾಸಿಗೊಮ್ಮೆ ಏಳುತ್ತಾಳೆ, ನಿದ್ದೆಗೆಟ್ಟ ಕೈ, ಅಕ್ಷರ ಓರೆಯಾದರೆ ಕನ್ನಡಕ ಒರೆಸಿಕೊಳ್ಳಬೇಡಿ, ತಪ್ಪು ನನ್ನದು.

ಪಿಂಕಿಯ ಮೈ ಎಂಥದೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಫ್ರಾಕಿನ ಕೊರಳ ಬಳಿಯ ಒಂದು ಲೇಬಲ್ಲು ಅವಳಿಗೆ ಮುಳ್ಳಿನ ಹಾಗೆ, ಕುಕ್ಕರಿನ ಸೀಟಿ ಕಪಾಳಕ್ಕೆ ಬಿದ್ದ ಏಟಿನ ಹಾಗೆ. ಕೂಸು ಹಟಮಾರಿ, ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ ಎಂದು ಬಂದುಹೋದವರೆಲ್ಲ ಅನ್ನುತ್ತಿದ್ದಾಗ, "ಹಟ ಅಲ್ಲ, ಅದಕ್ಕ ಖರೇನ ಚುಚ್ಚತೈತಿ, ನೋಡ್ರಿ ಬೇಕಾರ" ಎಂದು ಅವಳ ಬೆನ್ನಿನ ಕೆಂಪು ಗೆರೆ ತೋರಿಸಿದವರು ನೀವು. ಡಾಕ್ಟರು ಅದಕ್ಕೊಂದು ಹೆಸರು ಕೊಟ್ಟದ್ದು ಅದಾದ ಒಂದು ವರ್ಷಕ್ಕೆ. ಹಣೆ ಮುಟ್ಟಿದರೆ ನನ್ನನ್ನೇ ಪರಚುವ ಹುಡುಗಿ, ಬೆಳಿಗ್ಗೆ ನಿಮ್ಮ ಲಿಂಗಪೂಜೆ ಮುಗಿಯುವುದನ್ನೇ ಕಾದಿದ್ದು, ನಿಮ್ಮ ಹೆಬ್ಬೆರಳಿನ ಒಣ ವಿಭೂತಿಗೆ ಹಣೆ ಚಾಚುತ್ತಿದ್ದಳು. ನೀವು ಗಟ್ಟಿಯಾಗಿ, ನಿಧಾನವಾಗಿ ಒತ್ತಿ ಎಳೆಯುತ್ತಿದ್ದಿರಿ. ಹಗುರವಾಗಿ ಸವರುವುದನ್ನೇ ಇವಳ ಚರ್ಮ ತಾಳುವುದಿಲ್ಲ, ಒತ್ತಿ ಹಿಡಿದರೆ ತಾಳುತ್ತದೆ ಎಂದು ದೀಪ್ತಿ ಮೇಡಂ ನಮಗೆ ಎರಡು ತಿಂಗಳು ಕಲಿಸಿದರು. ನಿಮಗೆ ಅದು ಕಲಿಸದೆ ಬಂದಿತ್ತು.

ಮೊದಲ ಸೀಟು ನೆನಪಿದೆಯಲ್ಲ, ಕಪ್ಪನೆಯದು. ಮೆಟ್ರೋದ ಸ್ಪೀಕರಿಗೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಬೀಳುತ್ತಾಳೆ, ಆಟೋದ ನಡುಕಕ್ಕೆ ವಾಂತಿ ಮಾಡುತ್ತಾಳೆ, ಥೆರಪಿಗೆ ಹೋಗಬೇಕೆಂದರೆ ಕಾರೇ ಗತಿ ಎಂದು ಅದನ್ನು ತರಿಸಿದ್ದು. ಅದರ ಬಟ್ಟೆ ಜಾಳಿಗೆಯಂತೆ ಒರಟು, ಹೊಸ ಪ್ಲಾಸ್ಟಿಕ್ಕಿನ ನಾತ, ಭುಜದ ಎರಡು ಪಟ್ಟಿಗಳು ಕೊರಳಿಗೆ ತಾಗುತ್ತಿದ್ದವು, ಎಲ್ಲಕ್ಕಿಂತ ಹೆಚ್ಚಾಗಿ ತೊಡೆಯ ನಡುವಿನ ಬಕಲ್ಲು ಕೂಡುವಾಗಿನ ಆ ಟಕ್ ಎಂಬ ಸದ್ದು. ಕೂರಿಸಿದರೆ ಬಿಲ್ಲಿನಂತೆ ಬೆನ್ನು ಬಾಗಿಸಿ ಚೀರುತ್ತಿದ್ದಳು. ನಾಗೋಲ್ ಸಿಗ್ನಲ್ಲಿನಲ್ಲಿ ಎರಡು ಸಲ ನೀವು ತಡೆಯಲಾರದೆ ಬೆಲ್ಟು ಬಿಚ್ಚಿ ಮಡಿಲಿಗೆ ತೆಗೆದುಕೊಂಡಿರಿ. ಎರಡನೆಯ ಸಲ ಇವರು ಕಾರು ರಸ್ತೆಯ ಬದಿಗೆ ಹಾಕಿ ನಿಲ್ಲಿಸಿಬಿಟ್ಟರು. "ಅವ್ವಾ, ಬೆಲ್ಟ್ ಹಾಕದ ಹೊರತು ಗಾಡಿ ಒಂದ್ ಗೇಣು ಮುಂದ ಹೋಗಂಗಿಲ್ಲ." ನೀವೇನು ಸುಮ್ಮನಿರುವವರೇ? "ನಿಮ್ಮಪ್ಪ ನಿಮ್ಮಿಬ್ಬರನ್ನೂ ಸ್ಕೂಟರ್ ಮ್ಯಾಲೆ ಮುಂದೊಬ್ಬರ್ನ ಹಿಂದೊಬ್ಬರ್ನ ನಿಂದ್ರಿಸಿಕೊಂಡು ಹೈದರಾಬಾದ್ ಎಲ್ಲಾ ತೋರಿಸ್ಯಾರ. ಆವಾಗ ಯಾವ ಬೆಲ್ಟ್ ಇತ್ತಪಾ?" ಎಂದಿರಿ. ಅವರಿಗೂ ನಗು ಬಂತು, ಆದರೆ ಕಾರು ಹೊರಡಲಿಲ್ಲ. ಅಂದಿನಿಂದ ನೀವು ಬಕಲ್ಲಿಗೆ ಕೈ ಹಚ್ಚಲಿಲ್ಲ. ಇದನ್ನು ಇಲ್ಲಿ ಬರೆದಿಡುತ್ತೇನೆ: ಮತ್ತೆ ಒಂದು ದಿನವೂ ಹಚ್ಚಲಿಲ್ಲ.

ಬದಲಿಗೆ ನೀವು ಕೌದಿ ಹೊಲಿದಿರಿ. ಮೆತ್ತಗಾದ ನಿಮ್ಮ ಎರಡು ಇಳಕಲ್ ಸೀರೆಗಳನ್ನು ಪದರು ಪದರಾಗಿ ಮಡಚಿ, ಸೀಟಿನ ಅಳತೆಯನ್ನು ನೂಲಿನಲ್ಲಿ ತೆಗೆದು, ಭುಜದ ಪಟ್ಟಿಗಳಿಗೆ ಸೀಳು ಬಿಟ್ಟು, ಒಂದು ಗಂಟು ಕೂಡ ಮೇಲೆ ಬಾರದಂತೆ ಹೊಲಿದ ಪುಟ್ಟ ಕೌದಿ. ಪಿಂಕಿ ಅದರ ಮೇಲೆ ಕೂತಳು. ಕೂತಳು ಅಂದರೆ, ಗಲ್ಲ ಒತ್ತಿ ಮಲಗಿಯೇ ಬಿಟ್ಟಳು. ಆ ಆರು ವಾರ ನಮ್ಮ ಮನೆಯ ಶ್ರೇಷ್ಠ ಆರು ವಾರ. ಕೆಳಗಿನ ಮನೆಯ ಕಮಲಾಕ್ಷಿ ಆಂಟಿ ತಮ್ಮ ಮೊಮ್ಮಗನಿಗೂ ಒಂದು ಬೇಕೆಂದು ಸೀರೆ ತಂದುಕೊಟ್ಟರು. ಹಾಗಿರುವಾಗ ಒಂದು ದಿನ ದೀಪ್ತಿ ಮೇಡಂ ನಮ್ಮ ಕಾರಿನವರೆಗೆ ಬಂದು, ಪಿಂಕಿಯ ಭುಜದ ಮೇಲಿನ ಪಟ್ಟಿಯನ್ನು ಎರಡು ಬೆರಳಿನಲ್ಲಿ ಚಿವುಟಿ ನೋಡಿದರು. ಚಿವುಟಲು ಬರಬಾರದಂತೆ, ಅಷ್ಟು ಬಿಗಿ ಇರಬೇಕಂತೆ. ನಮ್ಮದು ಚಿವುಟಲು ಅಲ್ಲ, ಮುಷ್ಟಿಯಲ್ಲಿ ಹಿಡಿಯಲು ಬಂತು. ಕೆಳಗೆ ದಪ್ಪ ಬಟ್ಟೆ ಇದ್ದರೆ ಬೆಲ್ಟು ಬಿಗಿದಂತೆ ಕಾಣುತ್ತದೆ, ಕಾರು ಗುದ್ದಿದ ಕ್ಷಣದಲ್ಲಿ ಬಟ್ಟೆ ಅಮುಕಿಹೋಗಿ ಮಗು ಪಟ್ಟಿಯಿಂದ ಜಾರಿ ಬರುತ್ತದೆ, ಸೀಟಿನ ಜೊತೆ ಬಂದ ಹೊದಿಕೆಯ ಹೊರತು ಬೇರೇನೂ ಕೂಡದು ಎಂದರು. ನಾನು ಮನೆಗೆ ಬಂದು ಕೌದಿ ತೆಗೆದೆ. ತೆಗೆಯುವುದು ಸರಿಯೇ ಇತ್ತು. ತೆಗೆದ ರೀತಿ ಸರಿ ಇರಲಿಲ್ಲ. ಎಂ.ಎಸ್ಸಿ. ಭೌತಶಾಸ್ತ್ರ ಓದಿದವಳೆಂಬ ಸೊಕ್ಕಿನಿಂದ ನಿಮಗೆ ಜಡತ್ವ, ವೇಗ ಎಂದು ಪಾಠ ಹೇಳಿದೆ, "ಪ್ರೀತಿಯಿಂದ ಹೊಲಿದರ ಜಡತ್ವ ಕೇಳತೈತೇನ್ರಿ" ಎಂದೆ. ನೀವು ಕೌದಿ ಮಡಚಿಕೊಂಡು, "ಆತವ್ವಾ, ನಿನ್ನಷ್ಟು ಓದಿದ್ರ ನಾನೂ ಮಕ್ಕಳ್ನ ಸೀಟಿಗಿ ಕಟ್ಟಿ ಬೆಳಸ್ತಿದ್ದೆ" ಎಂದು ಒಳಗೆ ಹೋದಿರಿ. ನಗೆಯಲ್ಲೇ ಹೇಳಿದಿರಿ. ಆ ದಿನ ಮಾತ್ರ ಊಟಕ್ಕೆ ನನ್ನನ್ನು ಕರೆಯಲಿಲ್ಲ.

ಕೌದಿಯಿಲ್ಲದೆ ಹೊರಟ ಮೊದಲ ದಿನವೇ ಶ್ರಾವಣದ ಆ ಎರಡನೆಯ ಗುರುವಾರ. ಟೋಲಿಚೌಕಿಯ ಫ್ಲೈಓವರ್ ಇಳಿಯುವಲ್ಲಿ ಮುಂದಿನ ನೀರಿನ ಟ್ಯಾಂಕರು ಒಮ್ಮೆಲೇ ನಿಂತಿತು. ನಾನು ಮುಂದಿನ ಸೀಟಿನಲ್ಲಿ ತಲೆ ವಾಲಿಸಿ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ಬಾನೆಟ್ಟು ಮಡಚಿಕೊಂಡಿತ್ತು, ಪಿಂಕಿ ನನ್ನ ಸೀಟಿನ ಬೆನ್ನಿಗೆ ಅಪ್ಪಳಿಸಿ ಕೆಳಗೆ ಬಿದ್ದಿದ್ದಳು, ನಿಮ್ಮ ಬಲಗೈ ಅವಳ ಮತ್ತು ಸೀಟಿನ ನಡುವೆ ಸಿಕ್ಕಿಕೊಂಡಿತ್ತು. ಹಾರಿಬಂದ ಕೂಸನ್ನು ಹಿಡಿಯಲು ನೀವು ಚಾಚಿದ ಕೈ ಅದು. ಆ ಕೈ ನಡುವೆ ಇರದಿದ್ದರೆ ಗದ್ದಕ್ಕೆ ಹಾಕಿದ ಐದು ಹೊಲಿಗೆಯಲ್ಲಿ, ಮುರಿದ ಕೊರಳೆಲುಬಿನಲ್ಲಿ ಮುಗಿಯುತ್ತಿರಲಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ನನಗೆ ಆಮೇಲೆ ಹೇಳಿದರು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಇವರು ಹಿಂದಿನ ಬಾಗಿಲು ತೆಗೆದು ನೋಡಿದಾಗ ಬಕಲ್ಲು ತೆರೆದಿತ್ತು. "ಅವ್ವಾ, ಮತ್ತ ನೀನ ಬಿಚ್ಚಿದೇನು?" ಎಂದು ನಡುರಸ್ತೆಯಲ್ಲಿ ಕೂಗಿದರು. ನೀವು "ಹೂಂ. ಅಳಾಕತ್ತಿತ್ತು" ಎಂದಿರಿ. ಅಷ್ಟೇ ಅಂದಿರಿ.

ಆಸ್ಪತ್ರೆಯ ಕಾರಿಡಾರಿನಲ್ಲಿ ಪಿಂಕಿಯನ್ನು ಎಕ್ಸ್‌ರೇ ಕೋಣೆಯಿಂದ ಹೊರಗೆ ತಂದಾಗ ಅವಳನ್ನು ಎತ್ತಿಕೊಳ್ಳಲು ನೀವು ಮುಂದೆ ಬಂದಿರಿ. ಇವರು ಅಲ್ಲೇ ನಿಂತಿದ್ದರು, ಕಮಲಾಕ್ಷಿ ಆಂಟಿ ಇದ್ದರು, ವಾರ್ಡಿನವರು ಇದ್ದರು. ನಾನು ಅವರೆಲ್ಲರ ಮುಂದೆ, "ಇನ್ನ ಮ್ಯಾಲೆ ನಿಮ್ಮ ಕೈಯಾಗ ಕೂಸು ಕೊಡಂಗಿಲ್ಲ" ಎಂದೆ. ನೀವು ಚಾಚಿದ ಕೈಗಳನ್ನು ಹಾಗೇ ಸೆರಗಿನೊಳಗೆ ತೆಗೆದುಕೊಂಡಿರಿ. ಬಲಗೈ ಆಗಲೇ ಊದಿಕೊಂಡಿತ್ತಂತೆ. ಆ ದಿನ ಅಲ್ಲಿ ಎಷ್ಟೊಂದು ಎಕ್ಸ್‌ರೇ ತೆಗೆಸಿದೆವು, ನಿಮ್ಮ ಕೈಯದೊಂದು ತೆಗೆಸಬೇಕೆಂದು ನಮಗೆ ಹೊಳೆಯಲಿಲ್ಲ. ಮೂರನೆಯ ದಿನ ಇವರು ನಿಮ್ಮೊಂದಿಗೆ, "ಸ್ವಲ್ಪ ದಿನ ಶೈಲಕ್ಕನ ಕಡೆ ಇದ್ದು ಬಾ" ಎಂದರು. ನೀವು ಎಡಗೈಯಿಂದಲೇ ಚೀಲ ತುಂಬಿಕೊಂಡು, ನಾಂಪಲ್ಲಿ ಸ್ಟೇಷನ್ನಿಗೆ ಆಟೋ ಹತ್ತಿದಿರಿ. ನಾನು ಬಾಗಿಲಿಗೂ ಬರಲಿಲ್ಲ, ಪಿಂಕಿಯನ್ನು ತಟ್ಟುತ್ತಾ ಒಳಕೋಣೆಯಲ್ಲೇ ಇದ್ದೆ. ಅವಳು ಎಚ್ಚರವಾಗಿಯೇ ಇದ್ದಳು. ನಿಮ್ಮ ಚಪ್ಪಲಿಯ ಸದ್ದು ಮೆಟ್ಟಿಲಿಳಿಯುವವರೆಗೆ ಕತ್ತು ಹೊರಳಿಸಿ ಕೇಳುತ್ತಿದ್ದಳು. ಸೇಡಂಗೆ ಹೋದ ಮೇಲೆ ಮಣಿಕಟ್ಟು ಬಿರುಕು ಬಿಟ್ಟಿದೆ ಎಂದು ಶೈಲಶ್ರೀ ಅಕ್ಕ ಫೋನು ಮಾಡಿದಾಗ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತೆ.

ಆಮೇಲಿನ ಐದು ವಾರದ ಕತೆ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಲೇಬಲ್ಲು ತಾಳದ ಮೈಗೆ ಹಗಲೂ ರಾತ್ರಿ ತೋಳನ್ನು ಕೊರಳಿಂದ ತೂಗುಹಾಕಿದ ಆಸ್ಪತ್ರೆಯ ಪಟ್ಟಿ. ಬಿಚ್ಚಬಾರದು, ಸಡಿಲಿಸಬಾರದು. ಅವಳು ಚೀರಿ ಚೀರಿ ಗಂಟಲು ಒಡೆದು, ಕೊನೆಗೆ ಚೀರುವುದನ್ನೇ ಬಿಟ್ಟಳು. ಅದು ಇನ್ನೂ ಕಷ್ಟ. ಗೋಡೆಗೆ ಹಣೆ ಹಚ್ಚಿ ಕೂತಿರುತ್ತಿದ್ದಳು. ಬೆಳಿಗ್ಗೆ ನಿಮ್ಮ ಪೂಜೆಯ ಮೂಲೆಗೆ ಹೋಗಿ ಹಣೆ ಮುಂದೆ ಚಾಚಿ ನಿಲ್ಲುವಳು. ಯಾರೂ ಇಲ್ಲ. ನಾನು ಭರಣಿಯಿಂದ ವಿಭೂತಿ ತೆಗೆದು ನಿಮ್ಮ ಹಾಗೆಯೇ ಒತ್ತಿ ಎಳೆಯಲು ನೋಡಿದೆ, ನನ್ನ ಕೈ ತಳ್ಳಿ ಮತ್ತೆ ಹಾಗೇ ಹಣೆ ಚಾಚಿ ನಿಂತಳು. ಕಾರಿನ ಬಳಿಗಂತೂ ಬರಲೇ ಇಲ್ಲ. ಪಾರ್ಕಿಂಗಿನ ಪೆಟ್ರೋಲ್ ವಾಸನೆ ಬಂದರೆ ನೆಲಕ್ಕೆ ಕೂತು ಉಚ್ಚೆ ಮಾಡಿಕೊಳ್ಳುತ್ತಿದ್ದಳು. ಥೆರಪಿ ನಿಂತಿತು. ಅಷ್ಟೋ ಇಷ್ಟೋ ಕೂಡಿದ್ದ ಮಾತು ನಿಂತಿತು. ಚಮಚ ಹಿಡಿಯುವುದನ್ನು ಮರೆತಳು. ಇನ್ನೆರಡು ತಿಂಗಳು ಹೀಗೇ ಬಿಟ್ಟರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ ಎಂದು ದೀಪ್ತಿ ಮೇಡಂ ಫೋನಿನಲ್ಲಿ ಹೇಳಿದಾಗ, ಹೇಗಾದರೂ ಮಾಡಿ ಇವಳು ತಾನಾಗಿ ಕೂರುವ ಸೀಟು ಹುಡುಕಲೇಬೇಕು ಎಂದು ಎದ್ದೆ. ಗುದ್ದಿದ ಕಾರಿನ ಸೀಟು ಮತ್ತೆ ಬಳಸಬಾರದಂತೆ, ಕಣ್ಣಿಗೆ ಕಾಣದ ಬಿರುಕು ಇರುತ್ತದಂತೆ. ಹಳೆಯದನ್ನು ಇವರೇ ಪಟ್ಟಿ ಕತ್ತರಿಸಿ ಗುಜರಿಗೆ ಹಾಕಿದರು.

ಫೋಟೋ ನೋಡಿ ತರಿಸುವ ತಪ್ಪು ಮತ್ತೆ ಮಾಡಲಿಲ್ಲ. ಮಧ್ಯಾಹ್ನದ ಖಾಲಿ ಬಸ್ಸಿನಲ್ಲಿ, ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕಿ, ಅವಳನ್ನೇ ಅಂಗಡಿಗೆ ಕರೆದೊಯ್ದೆ. ಮೊದಲ ನಾಲ್ಕು ಅಂಗಡಿಗಳಲ್ಲಿ ಐದು ನಿಮಿಷಕ್ಕೆ ಹೊರಗೆ ಬಂದೆವು. ಒಂದು ಕಡೆ ಹುಡುಗಿಯೊಬ್ಬಳು "ಅಲವಾಟು ಅಯಿಪೋತುಂದಿ ಮೇಡಂ" ಎಂದು, ರೂಢಿಯಾಗುತ್ತದೆ ಎಂದು, ಪಿಂಕಿಯನ್ನು ಎತ್ತಿ ಕೂರಿಸಲು ಹೋಗಿ ಕಚ್ಚಿಸಿಕೊಂಡಳು. ಐದನೆಯದು ಹಿಮಾಯತ್‌ನಗರದ ಒಂದು ಹಳೆಯ ಅಂಗಡಿ. ಮೆಹಂದಿ ಗಡ್ಡದ ಮುದುಕರೊಬ್ಬರು ಗಲ್ಲಾದಲ್ಲಿದ್ದರು. ಇವಳು ಯಾರ ಮಾತೂ ಕೇಳುವುದಿಲ್ಲ, ಸುಮ್ಮನೆ ಓಡಾಡಲು ಬಿಡಿ ಎಂದೆ. ಅವರು ಪಂಖಾ ಆರಿಸಿ, ಹಾಡು ಬಂದ್ ಮಾಡಿ, "ಛೋಡೋ ಬಚ್ಚಿ ಕೋ, ಜುಮ್ಮಾ ತಕ್ ಬೈಠೀ ತೋ ಭೀ ಚಲ್ತಾ" ಎಂದು, ಮಗುವನ್ನು ಬಿಡಿ, ಶುಕ್ರವಾರದವರೆಗೆ ಕೂತರೂ ನಡೆಯುತ್ತದೆ ಎಂದರು. ಅಂದು ಮಂಗಳವಾರ! ಪಿಂಕಿ ಒಂದೊಂದೇ ಸೀಟಿಗೆ ಗಲ್ಲ ಹಚ್ಚಿದಳು, ಮೂಸಿದಳು, ಬಿಟ್ಟಳು. ಎರಡು ತಾಸಾಯಿತು. ಕೊನೆಗೆ ಕಿಟಕಿಯಲ್ಲಿ ತೋರಿಕೆಗೆಂದು ಇಟ್ಟಿದ್ದ, ಬಿಸಿಲಿಗೆ ಬಣ್ಣ ಹೋದ ಒಂದು ಬೂದಿ ಬಣ್ಣದ ಸೀಟಿನೊಳಗೆ ತಾನೇ ಹತ್ತಿ ಮೊಣಕಾಲು ಮಡಚಿ ಕೂತಳು. ಮುದುಕರು ಗಾಬರಿಯಾದರು. ಅದು ಎರಡು ವರ್ಷದಿಂದ ಧೂಳು ಕುಡಿಯುತ್ತಾ ಕೂತಿರುವ ಪೀಸು, ಅದೇ ಕಂಪನಿಯ ಹೊಸ ಡಬ್ಬಿ ಒಡೆಯುತ್ತೇನೆ ಎಂದು ಒಡೆದೂ ಬಿಟ್ಟರು. ಪಿಂಕಿ ಹೊಸದನ್ನು ಮೂಸಿ ಮುಖ ತಿರುಗಿಸಿದಳು. ಆಗ ನನಗೆ ತಿಳಿಯಿತು ಅತ್ತೆ, ಎರಡು ವರ್ಷದ ಬಿಸಿಲಿಗೆ ಅದರ ಪ್ಲಾಸ್ಟಿಕ್ ನಾತ ಹೋಗಿತ್ತು, ನೋಡಲು ಬಂದವರ ಕೈ ತಾಗಿ ತಾಗಿ ಹತ್ತಿಯ ಹೊದಿಕೆ ನಿಮ್ಮ ಸೀರೆಯಷ್ಟು ಮೆತ್ತಗಾಗಿತ್ತು. ನಾನು ಹಿಂದೆ ಅಂಟಿಸಿದ್ದ ಚೀಟಿಯಲ್ಲಿ ತಯಾರಾದ ವರ್ಷ ನೋಡಿದೆ, ಪಟ್ಟಿ ಎಳೆದು ನೋಡಿದೆ, ಎಲ್ಲಿಯೂ ಸೀಳಿಲ್ಲ, ಒಂದು ದಿನವೂ ಕಾರು ಹತ್ತಿಲ್ಲ, ಇನ್ನೂ ಐದು ವರ್ಷ ಬಳಸಬಹುದು. ಕಿಟಕಿಯದೇ ಕೊಡಿ ಎಂದೆ. ಮುದುಕರು ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಲು ಹೋದರು, ಕೈಮುಗಿದು ತಡೆದೆ.

ಎರಡು ವಾರ ಅದನ್ನು ಕಾರಿಗೆ ಹಾಕಲಿಲ್ಲ. ದೀಪ್ತಿ ಮೇಡಂ ಹೇಳಿದಂತೆ ಹಾಲಿನ ನೆಲದ ಮೇಲಿಟ್ಟೆವು. ಅದರಲ್ಲೇ ತಿಂಡಿ, ಅದರಲ್ಲೇ ಆಟ. ಬಕಲ್ಲನ್ನು ನಾವು ಮುಟ್ಟಲಿಲ್ಲ, ಅವಳ ಕೈಗೇ ಬಿಟ್ಟೆವು. ಮೊದಲು ಬೆರಳಿನಿಂದ ತಟ್ಟಿದಳು. ಆಮೇಲೆ ಕಿವಿ ಮುಚ್ಚಿಕೊಂಡು ಮೊಣಕೈಯಿಂದ ಒತ್ತಿದಳು. ಒಂದು ಭಾನುವಾರ ಎರಡೂ ಹೆಬ್ಬೆರಳು ಹಚ್ಚಿ, ಹಲ್ಲು ಕಚ್ಚಿ, ತಾನೇ ಟಕ್ ಎನಿಸಿ ನಮ್ಮ ಮುಖ ನೋಡಿದಳು. ಬೇರೆಯವರು ಮಾಡಿದ ಸದ್ದು ಅವಳನ್ನು ಹೆದರಿಸುತ್ತದೆ, ತಾನು ಮಾಡಿದ್ದು ಹೆದರಿಸುವುದಿಲ್ಲ. ಆಮೇಲೆ ಸೀಟನ್ನು ಕಾರಿನಲ್ಲಿಟ್ಟೆವು, ಎಂಜಿನ್ ಹಚ್ಚದೆ ಹತ್ತು ನಿಮಿಷ, ಹಚ್ಚಿ ಹತ್ತು ನಿಮಿಷ, ಗೇಟಿನವರೆಗೆ, ಓಣಿಯ ತುದಿಯವರೆಗೆ. ನಾನು ಪ್ರತಿ ಸಲ ಭುಜದ ಪಟ್ಟಿ ಚಿವುಟಿ ನೋಡುತ್ತೇನೆ. ಚಿವುಟಲು ಬರುವುದಿಲ್ಲ. ಹಿಂದಿನ ಸೀಟಿನಲ್ಲಿ ಅವಳ ಪಕ್ಕದಲ್ಲಿ, ಅಂದರೆ ನಿಮ್ಮ ಜಾಗದಲ್ಲಿ, ಈಗ ನಾನು ಕೂರುತ್ತೇನೆ. ನಿದ್ದೆ ಮಾಡುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ನಾನು ಸಂತೋಷವಾಗಿರಬೇಕಲ್ಲ. ಪಿಂಕಿ ಸ್ವಂತ ಮಾತು ಆಡುವುದು ಕಡಿಮೆ, ಆದರೆ ಕೇಳಿದ ಮಾತನ್ನು ತಿಂಗಳುಗಟ್ಟಲೆ ಹಿಡಿದಿಟ್ಟು, ಆಡಿದವರ ರಾಗದಲ್ಲೇ ಮರಳಿ ಹೇಳುತ್ತಾಳೆಂದು ನಿಮಗೆ ಗೊತ್ತು. ಉಳ್ಳಾಗಡ್ಡಿ ಗಾಡಿಯವನ ಕೂಗನ್ನು ಅವಳು ಕೂಗಿ, ನೀವು ಚೀಲ ಹಿಡಿದು ಕೆಳಗಿಳಿದು ಮೋಸ ಹೋಗಿದ್ದಿರಲ್ಲ. ನಿಂತುಹೋಗಿದ್ದ ಆ ರೂಢಿ ಎರಡು ವಾರದ ಹಿಂದೆ ಮರಳಿ ಬಂತು. ಇಲ್ಲಿಗೆ ಹೊರಟ ಮೊದಲ ಗುರುವಾರ, ಬಕಲ್ಲು ಟಕ್ ಎಂದ ಕೂಡಲೇ, ಕಿಟಕಿಯ ಕಡೆ ನೋಡುತ್ತಾ, ಸ್ಪಷ್ಟವಾಗಿ ಹೇಳಿದಳು: "ನಿಮ್ಮ ಕೈಯಾಗ ಕೂಸು ಕೊಡಂಗಿಲ್ಲ." ನನ್ನದೇ ದನಿ. ನನ್ನದೇ ಸಿಟ್ಟು, ಕೊನೆಯ ಅಕ್ಷರದಲ್ಲಿ ನನ್ನ ಗಂಟಲು ಒಡೆದದ್ದೂ ಹಾಗೇ ಇತ್ತು. ಅಂದಿನಿಂದ ಪ್ರತಿ ಸಲ. ಬಕಲ್ಲು ಕೂಡುತ್ತದೆ, ಅವಳು ಆ ಮಾತು ಹೇಳುತ್ತಾಳೆ, ಕಾರು ಹೊರಡುತ್ತದೆ. ಅವಳಿಗೆ ಅದರ ಅರ್ಥ ಗೊತ್ತೋ ಇಲ್ಲವೋ, ಬೆಲ್ಟು ಹಾಕುವಾಗ ಹೇಳುವ ಮಾತೆಂದೇ ತಿಳಿದಿದ್ದಾಳೋ. ಮುಂದೆ ಕೂತ ಇವರು ಅದನ್ನು ಕೇಳಿದಾಗಲೆಲ್ಲ ಕನ್ನಡಿಯಲ್ಲಿ ಅವಳನ್ನು ನೋಡುತ್ತಾರೆ. ಮೊನ್ನೆ, "ಕೂಸಿಗೂ ತಿಳೀತೈತಿ, ಅವ್ವಗ ಮಾತ್ರ ತಿಳೀಲಿಲ್ಲ" ಎಂದರು. ದೀಪಾವಳಿಗೆ ನಿಮ್ಮನ್ನು ಕರೆಯೋಣವೇ ಎಂದು ನಾನು ಕೇಳಿದಾಗಲೂ ಕಾರಿನ ಕೀಲಿ ತೆಗೆದುಕೊಂಡು ಕೆಳಗಿಳಿದು ಹೋದರು. ಹಣತೆ ಹಚ್ಚುವಾಗ ಪಿಂಕಿ ಮೆಟ್ಟಿಲ ಮೇಲೆ ಕೂತು ಕೆಳಗೆ ನೋಡುತ್ತಿದ್ದಳು. ಕಮಲಾಕ್ಷಿ ಆಂಟಿ "ಶಿವದೇವಮ್ಮಗಾರು ಎಪ್ಪುಡು ವಸ್ತಾರು?" ಎಂದು, ನೀವು ಯಾವಾಗ ಬರುತ್ತೀರೆಂದು, ಮತ್ತೆ ಕೇಳಿದರು. ಮಗಳ ಮನೆ, ಸ್ವಲ್ಪ ದಿನ ಇದ್ದು ಬರುತ್ತಾರೆ ಎಂದೆ. ಈ ಮೂರು ತಿಂಗಳಲ್ಲಿ ಸುಳ್ಳು ಹೇಳುವುದು ನನಗೆ ಎಷ್ಟು ಸಲೀಸಾಗಿದೆ ನೋಡಿ.

ಶೈಲಶ್ರೀ ಅಕ್ಕನಿಗೆ, ಅವರ ಯಜಮಾನರು ಗುರುಶಾಂತ ಅಣ್ಣನವರಿಗೆ ನನ್ನ ಶರಣು ತಿಳಿಸಿ. ಅವರ ಮನೆಯಲ್ಲಿ ಹಿತ್ತಲಿನ ಕಲ್ಲು ಜಾರುತ್ತದೆ, ಮುಂಜಾನೆ ಒಬ್ಬರೇ ಹೋಗಬೇಡಿ. ಕೈಗೆ ಭಾರ ಹಾಕಬೇಡಿ, ಹೊಲಿಗೆ ಹಿಡಿಯಬೇಡಿ. ನನ್ನನ್ನು ಹರಸಿ ಎಂದು ಕೇಳುವ ಮುಖ ನನಗಿಲ್ಲ, ಪಿಂಕಿಯನ್ನು ಅಲ್ಲಿಂದಲೇ ಹರಸಿ. ನಿಮ್ಮ ಪಾದಕ್ಕೆ ಶರಣು.

ನಿಮ್ಮ ಸೊಸೆ,
ಮಾನಸಾ

ತಾ.ಕ. ಮರೆತು ಕೊನೆಗೆ ಸೇರಿಸುತ್ತಿರುವ ಮಾತಲ್ಲ ಇದು. ಗೇಟಿನ ಹೊರಗೆ ಇವರು ಕಾರು ತಿರುಗಿಸುತ್ತಿದ್ದಾರೆ, ಬೇಗ ಬರೆಯುತ್ತೇನೆ. ಆ ಗುರುವಾರ ಬಕಲ್ಲು ಬಿಚ್ಚಿದ್ದು ನೀವಲ್ಲ. ಯಾರೂ ಬಿಚ್ಚಲಿಲ್ಲ. ನಾನು ಹಾಕಿಯೇ ಇರಲಿಲ್ಲ. ಪಾರ್ಕಿಂಗಿನಲ್ಲಿ ಅವಳು ಕೌದಿಗಾಗಿ ಚೀರುತ್ತಿದ್ದಳು, ಇವರು ಹಾರ್ನ್ ಹೊಡೆಯುತ್ತಿದ್ದರು. ನಾನು ಪಟ್ಟಿಗಳೊಳಗೆ ಅವಳ ತೋಳು ತೂರಿಸಿ, ಬಕಲ್ಲು ಒತ್ತದೆ, ಇವರಿಗೆ ಕಾಣದಂತೆ ನನ್ನ ಓಢಣಿಯನ್ನು ಅವಳ ತೊಡೆಯ ಮೇಲೆ ಮುಚ್ಚಿದೆ. ಮೆಹದಿಪಟ್ನಂ ದಾಟುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತುತ್ತದೆ, ಆಗ ಮುಂದಿನ ಸೀಟಿನಿಂದ ಹಿಂದಕ್ಕೆ ಬಾಗಿ ಹಾಕಿದರಾಯಿತು ಅಂದುಕೊಂಡೆ. ನೀವು "ಹಾಕಿದೇನು?" ಎಂದು ಕೇಳಿದಿರಿ, "ಹೂಂರಿ, ಹಾಕೀನಿ" ಎಂದೆ. ನಿದ್ದೆ ಹತ್ತಿದ್ದು ನನಗೆ. ಇವರು ಕೂಗಿದಾಗ ನೀವು ಮೊದಲು ಓಢಣಿ ನೋಡಿದಿರಿ, ಆಮೇಲೆ ನನ್ನನ್ನು ನೋಡಿದಿರಿ. ನಾನು ಕಣ್ಣು ತಗ್ಗಿಸಿದೆ. ಆಗ ನೀವು ಹೂಂ ಎಂದಿರಿ. ಏಕೆಂದು ಇವತ್ತಿಗೂ ನನಗೆ ತಿಳಿದಿಲ್ಲ, ಕೇಳುವ ಹಕ್ಕೂ ಇಲ್ಲ. ಕಾರಿಡಾರಿನಲ್ಲಿ ಆ ಮಾತು ಅಂದಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತು, ನಿಮಗೂ ಗೊತ್ತಿತ್ತು. ಪಿಂಕಿಯನ್ನು ಹೊರಗೆ ಕರೆತರುತ್ತಿದ್ದಾರೆ. ಈ ಕಾಗದವನ್ನು ಅಂಟಿಸದೆ ಇವರ ಕೈಗೆ ಕೊಡುತ್ತೇನೆ, ಓದಿದ ಮೇಲೆ ಪೋಸ್ಟ್ ಮಾಡಿ ಎಂದು. ಲಕೋಟೆಯ ಮೇಲೆ ನಾನು ವಿಳಾಸ ಬರೆದಿಲ್ಲ, ಅದನ್ನು ಅವರೇ ಬರೆಯಬೇಕು. ಇದು ನಿಮ್ಮ ಕೈ ಸೇರಿದ್ದರೆ, ಬರೆದಿದ್ದಾರೆ.